ಉಪ್ಪಿನ ಕಾಫಿ

ಹದಿನೆಂಟರ ವಯಸ್ಸಿನಲ್ಲಿ ತರೀಕೆರೆಯ ಟೆಂಟಿನಲ್ಲಿ ನೋಡಿದ ಒಂದು ಸಿನಿಮಾದ ನಾಯಕಿ ಪಂಕಜ, ಮಲ್ಲಿಕಾಂಬಳ ತಲೆ ಕೆಡಿಸಿದ್ದಳು. ಹೆಣ್ಣು ನೋಡಲು ಬಂದವನಿಗೆ ಪಂಕಜ ಕಾಫಿಗೆ ಉಪ್ಪು ಬೆರೆಸಿ ಕೊಡುತ್ತಾಳೆ. ಅವನು ಮುಖ ಕಿವಿಚದೆ ಅಷ್ಟನ್ನೂ ಕುಡಿದು ಇನ್ನೊಂದು ಲೋಟ ಕೇಳುತ್ತಾನೆ. ಅಲ್ಲಿಂದ ಜಗಳ, ನಗು, ಪ್ರೀತಿ. ಸಿನಿಮಾದವರಿಗೇನು, ಬರೆದುಬಿಡುತ್ತಾರೆ!

ಮರುವರ್ಷ ಅಜ್ಜಂಪುರದ ಮನೆಗೆ ಬೀರೂರಿನ ಪಂಚಾಕ್ಷರಪ್ಪ ಹೆಣ್ಣು ನೋಡಲು ಬಂದಾಗ ಇವಳೂ ಅವನ ಲೋಟಕ್ಕೆ ಉಪ್ಪು ಸುರಿದಳು. ಹೆಣ್ಣು ತಲೆ ಎತ್ತುವ ಹಾಗಿಲ್ಲ. ಲೋಟ ಕೊಟ್ಟು, ನೆಲ ನೋಡುತ್ತಲೇ ಬಾಗಿಲ ಮರೆಗೆ ಸರಿದಳು. ನಡುಮನೆಯಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದ ಸದ್ದಾಯಿತು. ಲೋಟ ತೆಗೆಯಲು ಹೋದರೆ ಒಂದು ಗುಟುಕೂ ಉಳಿದಿರಲಿಲ್ಲ. ಅವಳು ಆ ಗಳಿಗೆಯಲ್ಲೇ ಅವನಿಗೆ ಸೋತುಹೋದಳು.

ಮದುವೆಯಾದ ಮೇಲೆ ಪಂಚಾಕ್ಷರಪ್ಪ ನಕ್ಕಿದ್ದನ್ನು ಯಾರೂ ಕಾಣರು. ಕೊಬ್ಬರಿ ಅಂಗಡಿ, ಊಟ, ನಿದ್ದೆ. ಹೆಂಡತಿ ಹೊಸ ಸೀರೆ ಉಟ್ಟರೂ ಅಷ್ಟೇ, ಜ್ವರ ಬಂದು ಮಲಗಿದರೂ ಅಷ್ಟೇ. ಆದರೂ ಒಳಗೊಬ್ಬ ತುಂಟ ಇದ್ದಾನೆ, ಎಂದಾದರೂ ಹೊರಬರುತ್ತಾನೆ ಎಂದು ಮಲ್ಲಿಕಾಂಬ ಕಾದಳು. ಅದಕ್ಕೊಂದು ಗುರುತೂ ಇತ್ತು. ಗಂಡನ ಚಿಕ್ಕಪ್ಪನ ಮಗ ತೀರ್ಥಪ್ಪ ಶಿವನಿಯಿಂದ ಬಂದಾಗಲೆಲ್ಲ ಕಾಫಿ ಲೋಟ ಹಿಡಿದು, “ಅತ್ತಿಗೆ, ಉಪ್ಪು ಹಾಕಿಲ್ಲ ತಾನೆ?” ಎಂದು ಕಿಚಾಯಿಸುತ್ತಿದ್ದ. ಗಂಡ ಇವನ ಹತ್ತಿರವಾದರೂ ತನ್ನ ಉಪ್ಪಿನ ಕಾಫಿಯ ಮಾತಾಡಿದ್ದಾನಲ್ಲ ಎಂದು ಅವಳಿಗೆ ವಾರಗಟ್ಟಲೆ ಹಿಗ್ಗು. ಕೇಳಿ ಕೆಡಿಸಿಕೊಳ್ಳುವುದೇಕೆಂದು ಗಂಡನನ್ನು ಕೇಳಲಿಲ್ಲ.

ಎಂಬತ್ತೇಳನೇ ಇಸವಿಯಲ್ಲಿ ಅದೇ ಸಿನಿಮಾ ಕಡೂರಿನ ಟಾಕೀಸಿಗೆ ಮತ್ತೆ ಬಂತು. ಮಗಳು ಮದುವೆಯ ವಯಸ್ಸಿಗೆ ಬಂದಿದ್ದಳು. ಆದರೂ ಮಲ್ಲಿಕಾಂಬ ನಾಚಿಕೆ ಬಿಟ್ಟು ಗಂಡನನ್ನು ಮ್ಯಾಟಿನಿಗೆ ಎಳೆದುಕೊಂಡು ಹೋದಳು. ಪಂಕಜ ಉಪ್ಪಿನ ಡಬ್ಬಿಗೆ ಕೈ ಹಾಕಿದಳು, ಟಾಕೀಸೆಲ್ಲ ನಕ್ಕಿತು. ಮಲ್ಲಿಕಾಂಬ ಗಂಡನ ತೋಳು ಮುಟ್ಟಿದಳು.

“ರೀ, ನೆಪ್ಪೈತಾ? ನೀವೂ ಹಿಂಗೇ ಪೂರಾ ಕುಡಿದ್ರಿ.”

“ನಾನೆಲ್ಲಿ ಕುಡಿದೆ? ಬಾಯಿಗಿಟ್ರೆ ವಾಕರಿಕೆ ಬಂತು. ಜೊತೇಲಿ ಬಂದಿದ್ದ ತೀರ್ಥ ನನ್ನ ಕೈಯಿಂದ ಇಸ್ಕೊಂಡು ಕುಡ್ಕಂಬಿಟ್ಟ. ನಾನು ಈ ಹುಡುಗಿ ಬ್ಯಾಡ ಅಂದಿದ್ದೆ ಕಣೇ. ಅವನೇ ಹಟ ಹಿಡಿದ, ಇಂಥೋಳು ಸಿಗಲ್ಲ ಅಣ್ಣ ಅಂತ.” ಇಷ್ಟು ಹೇಳಿ ಪಂಚಾಕ್ಷರಪ್ಪ ಆಕಳಿಸಿದ.

ಪರದೆಯ ಮೇಲೆ ಪಂಕಜ ಕಿಲಕಿಲ ನಗುತ್ತಿದ್ದಳು. ಆ ಕೆನ್ನೆಗೆ ಎರಡು ಬಾರಿಸಬೇಕೆನಿಸಿತು ಮಲ್ಲಿಕಾಂಬಳಿಗೆ. ಇಷ್ಟು ವರ್ಷ ಯಾರದೋ ನಗುವನ್ನು ಗಂಡನದೆಂದು ನಂಬಿ ಬಾಳಿಬಿಟ್ಟಿದ್ದಳು.

ಮುಂದಿನ ತಿಂಗಳು ತೀರ್ಥಪ್ಪ ಬಂದ. ಮಲ್ಲಿಕಾಂಬ ಕಾಫಿಯನ್ನು ಮಗಳ ಕೈಲಿ ಕಳಿಸಿದಳು.

“ಅತ್ತಿಗೆ, ಉಪ್ಪು ಹಾಕಿಲ್ಲ ತಾನೆ?” ಅವನು ಅಡುಗೆಮನೆಯತ್ತ ಕೂಗಿ, ನಕ್ಕು ಕೆಮ್ಮಿದ.

ಅಂದು ನಡುಮನೆಯಲ್ಲಿ ಕೇಳಿದ್ದ ಅದೇ ಕೆಮ್ಮು. ಬಾಗಿಲ ಮರೆಯಲ್ಲಿ ಮಲ್ಲಿಕಾಂಬ ಸೆರಗನ್ನು ಬಾಯಿಗೆ ಒತ್ತಿಕೊಂಡು, ನೆಲ ನೋಡುತ್ತ ನಿಂತಿದ್ದಳು.