ಸಿಮ್ ಇಲ್ಲದ ಫೋನು

ಬಂಡೆಪ್ಪ ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್. ಲಿಂಗಸುಗೂರಿನಿಂದ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಹೆಂಡತಿ ಗುರುದೇವಿ, ಒಬ್ಬಳೇ ಮಗಳು ನಿರೀಕ್ಷಾ, ಇರಲಿಕ್ಕೆ ಕಾರ್ಖಾನೆಯ ಕ್ವಾರ್ಟರ್ಸು.

ನಿರೀಕ್ಷಾ ಏಳನೇ ಕ್ಲಾಸಿನಲ್ಲಿದ್ದಾಗ ಮನೆಯ ಡಿವಿಡಿ ಪ್ಲೇಯರ್ ಕೆಟ್ಟಿತು. ಗುಜರಿಗೆ ಹಾಕುವ ಮೊದಲು ಬಂಡೆಪ್ಪ ಅದನ್ನು ಬಿಚ್ಚಿ ನೋಡಿದ. ಒಳಗೆ ಕಡಲೆಬೇಳೆಗಿಂತ ಚಿಕ್ಕದೊಂದು ಮಸೂರವಿತ್ತು. ಅದನ್ನು ಮಗಳ ತಲೆಪಿನ್ನಿನ ನಡುವೆ ಸಿಕ್ಕಿಸಿ, ಟೇಪು ಸುತ್ತಿ, ತನ್ನ ಹಳೆಯ ಫೋನಿನ ಕ್ಯಾಮೆರಾದ ಮೇಲೆ ಅಂಟಿಸಿದ. ನೆಲದ ಮೇಲೆ ಸಕ್ಕರೆ ಕಾಳು ಹೊತ್ತು ಹೋಗುತ್ತಿದ್ದ ಇರುವೆ ತೆರೆಯ ತುಂಬ ಕಂಡಿತು. ಅದರ ಮುಖದ ಮೇಲೆ ಕೂದಲಿದ್ದವು. ನಿರೀಕ್ಷಾ ಅವತ್ತು ಉಣ್ಣಲಿಕ್ಕೇ ಏಳಲಿಲ್ಲ.

ಅಂದಿನಿಂದ ಅಪ್ಪ ಮಗಳಿಬ್ಬರಿಗೂ ಅದೇ ಹುಚ್ಚು. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಕ್ವಾರ್ಟರ್ಸಿನ ಹಿಂದಿನ ಬಯಲಿಗೆ ಹೋಗುತ್ತಿದ್ದರು. ಅಲ್ಲಿ ದೊಡ್ಡ ಬಂಡೆಗಳು, ಅವುಗಳ ಸಂದಿಯಲ್ಲಿ ಎಕ್ಕದ ಗಿಡಗಳು. ಬಿಸಿಲೇರುವ ಮೊದಲು ಹುಳಗಳು ತಂಪಿಗೆ ಮರಗಟ್ಟಿ ಕೂತಿರುತ್ತವೆ, ಓಡುವುದಿಲ್ಲ ಎಂಬುದನ್ನು ಕಂಡುಕೊಂಡವಳು ಅವಳೇ. ಮಸೂರ ಹುಳದಿಂದ ಒಂದು ಬೆರಳಿನಷ್ಟೇ ದೂರದಲ್ಲಿರಬೇಕು. ಕೂದಲೆಳೆಯಷ್ಟು ಹಿಂದೆ ಮುಂದೆ ಆದರೂ ಚಿತ್ರ ಮಸುಕು. ಬಂಡೆಪ್ಪ ಎಲೆಯ ತೊಟ್ಟನ್ನು ಎರಡು ಬೆರಳಲ್ಲಿ ಹಿಡಿದು ಕೂರುತ್ತಿದ್ದ. ಅವಳು ಉಸಿರು ಬಿಗಿಹಿಡಿದು ಫೋನನ್ನು ಮೆಲ್ಲಗೆ ಹತ್ತಿರ ತರುತ್ತಿದ್ದಳು. "ಅಪ್ಪಾ, ನೀ ಅಲುಗಾಡಬ್ಯಾಡ. ಹಂಗ ಇರು," ಎನ್ನುತ್ತಿದ್ದಳು. ಕಾಲು ಜೋಮು ಹಿಡಿದರೂ ಇವನು ಹಾಗೆಯೇ ಇರುತ್ತಿದ್ದ.

ಎಕ್ಕದ ಮೊಗ್ಗಿನ ಮೇಲೆ ಹಳದಿ ಗಿಡಹೇನುಗಳು ಮುತ್ತುತ್ತವೆ. ಇರುವೆ ಬಂದು ಅವುಗಳ ಬೆನ್ನು ಸವರಿದರೆ ಸಿಹಿ ಹನಿಯೊಂದನ್ನು ಬಿಡುತ್ತವೆ, ಇರುವೆ ಅದನ್ನು ಕುಡಿಯುತ್ತದೆ. ಆ ಹನಿಯನ್ನು ಚಿತ್ರದಲ್ಲಿ ಹಿಡಿಯಲು ಇಬ್ಬರಿಗೂ ಏಳು ಭಾನುವಾರ ಬೇಕಾಯಿತು. ಸಿಕ್ಕಿದ ದಿನ ನಿರೀಕ್ಷಾ ಬಂಡೆಯ ಮೇಲೆ ಕೂತು ಅತ್ತುಬಿಟ್ಟಿದ್ದಳು. ಆಮೇಲೆ ಬಂಡೆಪ್ಪ ಫೋನಿಗೆ ಕ್ಲಿಪ್ಪಿನಂತೆ ಸಿಕ್ಕಿಸುವ ಅಗ್ಗದ ಲೆನ್ಸೊಂದನ್ನು ತರಿಸಿಕೊಟ್ಟ. ಹತ್ತನೇ ಕ್ಲಾಸು ಮುಗಿಯುವ ಹೊತ್ತಿಗೆ ಆ ಫೋನಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಚಿತ್ರಗಳಿದ್ದವು.

ಹತ್ತನೆಯದರಲ್ಲಿ ಒಳ್ಳೆಯ ಅಂಕ ಬಂದವು. ಕಾರ್ಖಾನೆಯಲ್ಲಿ ಎಲ್ಲರೂ ಮಾಡಿದಂತೆ ಬಂಡೆಪ್ಪನೂ ಮಗಳನ್ನು ನಾರಾಯಣಗೂಡದ ಒಂದು ಕಾಲೇಜಿಗೆ ಸೇರಿಸಿದ. ಕೋಚಿಂಗು, ಹಾಸ್ಟೆಲು ಎಲ್ಲ ಒಂದೇ ಕಟ್ಟಡದಲ್ಲಿ. ಫೋನು ಇಟ್ಟುಕೊಳ್ಳುವಂತಿರಲಿಲ್ಲ. ಬಿಟ್ಟು ಬರುವ ದಿನ ಗುರುದೇವಿ ಮಂಚಕ್ಕೆ ಹಾಸಿಗೆ ಹಾಸುತ್ತಿದ್ದಾಗ, ಬಂಡೆಪ್ಪ ಆ ಹಳೆಯ ಫೋನನ್ನೂ ಲೆನ್ಸನ್ನೂ ಟವೆಲಿನಲ್ಲಿ ಸುತ್ತಿ ಮಗಳ ಬ್ಯಾಗಿನ ತಳಕ್ಕೆ ತುರುಕಿದ. ಸಿಮ್ ಇಲ್ಲ, ಯಾರಿಗೂ ತ್ರಾಸಿಲ್ಲ, ಬ್ಯಾಸರಾದಾಗ ಒಂದೀಟು ನೋಡಿಕೋ ಎಂದು ಕಿವಿಯಲ್ಲಿ ಹೇಳಿದ. ಅವಳು ನಕ್ಕಳು. ಗುರುದೇವಿಗೆ ತಿಳಿಸುವುದು ಬೇಡವೆಂದು ಇಬ್ಬರೂ ಮಾತಾಡಿಕೊಂಡರು.

ನಾಲ್ಕು ತಿಂಗಳ ನಂತರ ಕಾಲೇಜಿನಿಂದ ಕರೆ ಬಂತು. ಬೆಳಗಿನ ಐದು ಗಂಟೆಯ ಸ್ಟಡಿ ಅವರ್‌ಗೆ ನಿರೀಕ್ಷಾ ಬಂದಿರಲಿಲ್ಲ. ವಾರ್ಡನ್ ಹುಡುಕಿಕೊಂಡು ಹೋದಾಗ ಬಚ್ಚಲುಮನೆಯ ಗೋಡೆಗೆ ಕೂತಿದ್ದ ಪತಂಗದ ಚಿತ್ರ ತೆಗೆಯುತ್ತಿದ್ದಳಂತೆ.

ಬಂಡೆಪ್ಪ ಶಿಫ್ಟು ಬಿಟ್ಟು ಓಡಿದ. ವೈಸ್ ಪ್ರಿನ್ಸಿಪಾಲರ ಮೇಜಿನ ಮೇಲೆ ಫೋನಿತ್ತು. ಪಕ್ಕದಲ್ಲಿ ನಿರೀಕ್ಷಾ ಕೈಕಟ್ಟಿ ನಿಂತಿದ್ದಳು. ಅವರು ತೆಲುಗಿನಲ್ಲಿ, ದನಿ ಏರಿಸದೆಯೇ, ಇಂಥ ಹುಡುಗಿಗೆ ಟಿಸಿ ಕೊಟ್ಟು ಕಳಿಸುವುದೇ ಇಲ್ಲಿನ ಪದ್ಧತಿ ಎಂದರು. ಫೋನು ಯಾರು ಕೊಟ್ಟರು ಎಂದು ಬೆಳಗಿನಿಂದ ಕೇಳುತ್ತಿದ್ದೇವೆ, ಬಾಯಿ ಬಿಡುತ್ತಿಲ್ಲ, ನಿಮಗೇನಾದರೂ ಗೊತ್ತೇ ಎಂದು ಕೇಳಿದರು.

ಹೌದೆಂದರೆ ಸೀಟು ಹೋದೀತು ಎಂದು ಬಂಡೆಪ್ಪನಿಗೆ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಆ ತಣ್ಣನೆಯ ಕೋಣೆಯಲ್ಲಿ, ಕಾರ್ಖಾನೆಯ ಎಣ್ಣೆ ಮೆತ್ತಿದ ಅಂಗಿಯಲ್ಲಿ ನಿಂತು ತಪ್ಪೊಪ್ಪಿಕೊಳ್ಳಲು ನಾಚಿಕೆಯಾಯಿತು.

"ನಾಕು ತೆಲೀದು ಸಾರ್," ಅಂದ. ತನಗೆ ಗೊತ್ತೇ ಇಲ್ಲ. ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಫೋನು, ಕದ್ದು ತಂದಿರಬೇಕು ಎಂದೂ ಸೇರಿಸಿದ.

ನಿರೀಕ್ಷಾ ತಲೆಯೆತ್ತಿ ಅವನನ್ನು ನೋಡಿದಳು. ಆಮೇಲೆ ಮತ್ತೆ ನೆಲ ನೋಡಿದಳು.

ಹಾಗಾದರೆ ಅವಳ ಎದುರಿಗೇ ಎಲ್ಲ ಅಳಿಸಿ, ಈ ಮರುಳು ಇಲ್ಲಿಗೇ ಮುಗಿಯಲಿ ಎಂದರು ಅವರು. ಬಂಡೆಪ್ಪ ಫೋನು ತೆಗೆದುಕೊಂಡ. ಎಲ್ಲ ಚಿತ್ರಗಳನ್ನೂ ಗುರುತು ಮಾಡಿ ಬೆರಳು ಒತ್ತಿದ. ಖಚಿತವೇ ಎಂದು ಫೋನು ಕೇಳಿತು. ಮತ್ತೆ ಒತ್ತಿದ. ಆ ಚಿತ್ರಗಳು ಬೇರೆಲ್ಲೂ ಇರಲಿಲ್ಲ.

ಸೀಟು ಉಳಿಯಿತು. ಮಗಳು ಫೋನು ಕದ್ದೊಯ್ದಿದ್ದಳೆಂದು ತಿಳಿದು ಗುರುದೇವಿ ಕೆಂಡವಾದಳು. ರಜೆಗೆ ಮಗಳು ಬಂದಾಗಲೆಲ್ಲ ಕಳ್ಳಬುದ್ಧಿ ಎಲ್ಲಿ ಕಲಿತೆ ಎಂದು ಅನ್ನುತ್ತಿದ್ದಳು. ನಿರೀಕ್ಷಾ ಒಮ್ಮೆಯೂ ಎದುರಾಡಲಿಲ್ಲ. ಬಂಡೆಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಒಂದು ದಸರಾಕ್ಕೆ ಬಯಲಿಗೆ ಹೋಗೋಣವೇ ಎಂದು ಕೇಳಿದ. "ಓದೂದು ಐತ್ರಿ," ಅಂದಳು. ಹುಟ್ಟಿದಾಗಿನಿಂದ ಅಪ್ಪನಿಗೆ ನೀ ಎನ್ನುತ್ತಿದ್ದವಳು ಆ ಕೋಣೆಯಿಂದ ಹೊರಬಂದ ಮೇಲೆ ನೀವು ಎನ್ನತೊಡಗಿದ್ದಳು. ದೊಡ್ಡವಳಾದಳು, ಮರ್ಯಾದೆ ಕಲಿತಳು ಎಂದು ಗುರುದೇವಿ ಸಂತೋಷಪಟ್ಟಳು.

ಎರಡು ವರ್ಷ ಹೀಗೇ ಕಳೆಯಿತು. ವರಂಗಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಕಾರ್ಖಾನೆಯಲ್ಲಿ ಬಂಡೆಪ್ಪ ಸಿಹಿ ಹಂಚಿದ. ಅದೇ ವಾರ ಒಳ್ಳೆಯ ಗಾಜಿನ ಹೊಸ ಲೆನ್ಸೊಂದನ್ನು ತಂದು ಮಗಳ ಕೈಗಿಟ್ಟ. ಅವಳು ತಿರುಗಿಸಿ ನೋಡಿ, ಚಲೋ ಐತ್ರಿ ಎಂದು ಟಿವಿಯ ಮೇಲಿಟ್ಟಳು. ಬಟ್ಟೆಬರೆ ತುಂಬುವಾಗ ಅದನ್ನು ತೆಗೆದುಕೊಳ್ಳಲಿಲ್ಲ.

ಹೊರಡುವ ದಿನ ಮೂವರೂ ಸಿಕಂದರಾಬಾದ್ ಸ್ಟೇಷನ್ನಿಗೆ ಹೋದರು. ವರಂಗಲ್ಲಿಗೆ ನಾಲ್ಕೈದು ಮಂದಿ ಗೆಳತಿಯರು ಜೊತೆಗಿದ್ದುದರಿಂದ ತಂದೆತಾಯಿ ಬರುವುದು ಬೇಡವೆಂದಿದ್ದಳು. ಗುರುದೇವಿ ನೀರಿನ ಬಾಟಲಿ ತರಲು ಹೋದಾಗ ಬಂಡೆಪ್ಪ ಲೆನ್ಸಿನ ಡಬ್ಬಿಯನ್ನು ಜೇಬಿನಿಂದ ತೆಗೆದ.

"ಇಟ್ಕೋ ನನ್ನವ್ವಾ. ಆ ಇರುವಿ ಫೋಟೋ ನೆಪ್ಪೈತಿಲ್ಲ, ಎಕ್ಕದ ಮೊಗ್ಗಿನ ಮ್ಯಾಲಿಂದು? ಇದರಾಗ ಅದಕ್ಕಿಂತ ಭಾಳ ಚಂದ ಬರತೈತಿ."

"ಯಾವ ಇರುವಿ ರೀ?" ಅಂದಳು.

ಸಿಟ್ಟಿನಿಂದ ಕೇಳಿದ್ದಲ್ಲ. ಹುಬ್ಬು ಗಂಟಿಕ್ಕಿ ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಅವಳು ಬೈದಿದ್ದರೆ, ಅತ್ತಿದ್ದರೆ ಬಂಡೆಪ್ಪನಿಗೆ ಹೇಳಲು ಮಾತಿರುತ್ತಿತ್ತು.

"ಅವತ್ತು ನಾ ಸುಳ್ಳು ಹೇಳಿದ್ನಿ," ಅಂದ.

"ಬಿಡ್ರಿ ಅಪ್ಪಾ. ನನ್ನ ಸಲುವಾಗೇ ಅಂದ್ರಿ. ಅದಕ್ಕ ಸೀಟ್ ಸಿಕ್ತು." ಅವನ ಬೆರಳುಗಳನ್ನು ಡಬ್ಬಿಯ ಮೇಲೆ ಮೆತ್ತಗೆ ಮಡಚಿದಳು. "ಇದು ಬ್ಯಾಡ್ರಿ. ಅದರಾಗ ಈಗ ಮನಸಿಲ್ಲ."

ಗುರುದೇವಿ ಬಾಟಲಿ ತಂದುಕೊಟ್ಟಳು, ನಿರೀಕ್ಷಾ ಗಾಡಿ ಹತ್ತಿದಳು. ಗಾಡಿ ಹೊರಟಿತು. ಅವಳು ಕಿಟಕಿಯಿಂದ ಕೈಬೀಸಿದಳು, ಗೆಳತಿಯರ ಕಡೆ ತಿರುಗಿದಳು.

ಬಂಡೆಪ್ಪ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕುಸಿದು ಕೂತ. ಮಗಳು ದೂರ ಹೋದ ಸಂಕಟವೆಂದುಕೊಂಡು ಗುರುದೇವಿ ಪಕ್ಕದಲ್ಲಿ ಕೂತು ಅವನ ಬೆನ್ನು ಸವರಿದಳು. ಎರಡೇ ತಾಸಿನ ದಾರಿ, ಹಬ್ಬಕ್ಕೆ ಬರುತ್ತಾಳೆ ಎಂದು ಸಮಾಧಾನ ಹೇಳಿದಳು. ಆಗ ಅವನು ಎಲ್ಲ ಹೇಳಿದ. ಟವೆಲಿನಲ್ಲಿ ಸುತ್ತಿಟ್ಟದ್ದು, ವೈಸ್ ಪ್ರಿನ್ಸಿಪಾಲರ ಮುಂದೆ ಅಂದದ್ದು, ಚಿತ್ರಗಳನ್ನು ಅಳಿಸಿದ್ದು.

ಗುರುದೇವಿಯ ಕೈ ಬೆನ್ನಿನ ಮೇಲೆ ನಿಂತಿತು.

"ಎರಡು ವರ್ಷ ನಾ ಆಕಿಗಿ ಕಳ್ಳಿ ಅಂದೀನಿ," ಅಂದಳು. "ನೀವು ಮನ್ಯಾಗ ಇದ್ರಿ. ಕೇಳಾಕತ್ತಿದ್ರಿ."

ಎದ್ದು ನಡೆದಳು. ಬಂಡೆಪ್ಪ ಹಿಂದೆ ಹಿಂದೆ ಹೋದ. ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಮುಂದೆ ಕೂತಳು, ಅವನಿಗೆ ಹಿಂದೆ ನಿಲ್ಲಲಷ್ಟೇ ಜಾಗ ಸಿಕ್ಕಿತು. ಗುಂಪಿನ ಸಂದಿಯಿಂದ ಅವಳ ತುರುಬು ಮಾತ್ರ ಕಾಣುತ್ತಿತ್ತು. ಅವಳು ಸೆರಗಿನಿಂದ ಮತ್ತೆ ಮತ್ತೆ ಮುಖ ಒರೆಸಿಕೊಳ್ಳುತ್ತಿದ್ದಳು. ಅವರ ಸ್ಟಾಪು ಬರುವವರೆಗೂ ಹಿಂತಿರುಗಿ ನೋಡಲಿಲ್ಲ.