ಕಿವಿಯ ಬಳಿಯ ಕೆಂಪು

ಕನ್ನಡಕದ ಗಾಜಿನ ಮೇಲೆ ಮತ್ತೆ ಮಂಜು ಕೂತಿತು, ಒರೆಸಿದಷ್ಟೂ ಕೂರುತ್ತದೆ ಹಾಳಾದ್ದು, ಎದುರಿಗೆ ಬರುತ್ತಿರುವುದು ಕೋಸಿನ ಲಾರಿಯೋ ಫ್ಯಾಕ್ಟರಿ ಬಸ್ಸೋ ತಿಳಿಯದು, ಎರಡು ಹಳದಿ ದೀಪ ಮಾತ್ರ ಬಂದವು, ಹೋದವು, ಹಿಂದಿನಿಂದ ಕೋಸಿನ ವಾಸನೆ ಬಂತು, ಸರಿ ಲಾರಿಯೇ ಎಂದುಕೊಂಡ ಚನ್ನಕೇಶವ, ಮೊಪೆಡ್ಡನ್ನು ರಸ್ತೆಯ ಅಂಚಿಗೆ ಎಳೆದು ಒಂದು ಕಾಲೂರಿ ನಿಂತ, ಮಂಜಿನ ಹಿಂದೆ ಸೂರ್ಯ ಬೆಳ್ಳಗೆ, ಕಣ್ಣಿಟ್ಟು ನೋಡಬಹುದಾದಷ್ಟು ಮೆತ್ತಗೆ — ಆಹಾ, ಎಂಥಾ ಬೆಳಕು, ಇನ್ನು ಅರ್ಧ ಗಂಟೆಯಲ್ಲಿ ಇದು ನೆಲಮಟ್ಟಕ್ಕೆ ಹರಡುತ್ತದೆ, ಆಗ ಯಾರಾದರೂ ಎದುರಿಗೆ ಓಡಿಬಂದರೆ ಕಾಲಡಿಯ ಧೂಳೂ ಹೊಳೆಯುತ್ತದೆ — ಎಂದುಕೊಂಡವನೇ ನಾಲಿಗೆ ಕಚ್ಚಿಕೊಂಡ, ಥೂ, ಇವತ್ತೂ ನಿನಗೆ ಬೆಳಕಿನ ಚಿಂತೆಯೇನೋ, ಕಾಲಿನ ಸಂದಿಯಲ್ಲಿ ಹಳೇ ಪಂಚೆಯಲ್ಲಿ ಸುತ್ತಿಟ್ಟುಕೊಂಡಿರುವುದು ಏನು ಅಂತ ಮರೆತುಹೋಯಿತೇ. ಮರೆತಿರಲಿಲ್ಲ. ಗಾಜು ಹಾಕಿಸಿದ ಫ್ರೇಮಿನ ಅಂಚು ಆಲಸನತ್ತಂ ಊರು ಬಿಟ್ಟಾಗಿನಿಂದ ಮೊಣಕಾಲಿಗೆ ಒತ್ತುತ್ತಲೇ ಇತ್ತು. ತೊರಪಲ್ಲಿ ಅಗ್ರಹಾರ ದಾಟಿ ಇನ್ನೊಂದು ನಾಲ್ಕು ಮೈಲಿ ಹೋದರೆ ಅಕ್ಕಯಮ್ಮನ ಮನೆ, ಅಲ್ಲಿ ಇವತ್ತು ಅವಳ ಮಗ ಬಚ್ಚಪ್ಪನ ವರ್ಷದ ತಿಥಿ, ಹತ್ತು ಗಂಟೆಯೊಳಗೆ ಫೋಟೋ ಗೋಡೆಗೆ ಏರಬೇಕು.

ವರ್ಷ ಎಲ್ಲಿ ಆಯಿತು, ಎತ್ತು ಬಿಡುವ ಹಬ್ಬದಲ್ಲಿ ಅವನು ಹೋದದ್ದು ಸಂಕ್ರಾಂತಿ ಆದ ಮೂರನೆಯ ದಿನ, ಈ ಸಂಕ್ರಾಂತಿಗೆ ಇನ್ನೂ ಒಂಬತ್ತು ದಿನ ಇದೆ, ಆದರೆ ತಿಥಿಯ ಲೆಕ್ಕವೇ ಹಾಗೆ, ಕ್ಯಾಲೆಂಡರಿಗಿಂತ ಹನ್ನೊಂದು ದಿನ ಮುಂದೆ ಓಡುತ್ತದೆ, ಸತ್ತವನಿಗೆ ಎಡೆಯಿಟ್ಟ ಮೇಲೆಯೇ ಮತ್ತೆ ಎತ್ತು ಬಿಡುವ ಹಬ್ಬ ಅಂತ ಯಾರೋ ಎಣಿಸಿ ಇಟ್ಟ ಹಾಗೆ. ಇಪ್ಪತ್ತೆರಡು ವರ್ಷದಿಂದ ಚನ್ನಕೇಶವನಿಗೆ ಚಳಿಗಾಲವೆಂದರೆ ಜೀವ, ಬೇಸಿಗೆಯಲ್ಲಿ ಮದುವೆ, ಮಳೆಗಾಲದಲ್ಲಿ ಪಾಸ್‌ಪೋರ್ಟ್ ಸೈಜು, ಕತ್ತು ನೆಟ್ಟಗಿಡಿ ರೆಪ್ಪೆ ಬಡೀಬೇಡಿ, ಅದೆಲ್ಲ ಹೊಟ್ಟೆಪಾಡು, ದೀಪಾವಳಿ ಕಳೆದು ಒಂದು ಬೆಳಗ್ಗೆ ಮೂಗಿನ ತುದಿ ತಣ್ಣಗಾಯಿತೆಂದರೆ ಸಾಕು, ಉದ್ದದ ಲೆನ್ಸು ಬೀರುವಿನಿಂದ ಹೊರಗೆ, ಕಬಡ್ಡಿ, ಫ್ಯಾಕ್ಟರಿ ಮೈದಾನದ ವಾಲಿಬಾಲ್, ಸೈಕಲ್ ರೇಸು, ಕಡೆಗೆ ಎತ್ತು. ಎರಡು ಬದಿ ಜನದ ಗೋಡೆ, ನಡುವೆ ಓಣಿ, ಕೊಂಬಿಗೆ ಬಣ್ಣದ ಹಲಗೆ ಕಟ್ಟಿಸಿಕೊಂಡ ಎತ್ತು ಬಾಣದ ಹಾಗೆ ಬರುತ್ತದೆ, ಪಡ್ಡೆ ಹುಡುಗರು ಆ ಹಲಗೆ ಕಿತ್ತುಕೊಳ್ಳಲು ಹಾರುತ್ತಾರೆ, ಆ ಜಂಗುಳಿಯಲ್ಲಿ ಯಾರ ಮುಖ ಎಲ್ಲಿರುತ್ತದೆ, ಎಲ್ಲಾ ಬರೀ ಬೆನ್ನು, ಅದಕ್ಕೇ ಅವನ ವಿದ್ಯೆ ಒಂದಿತ್ತು, ಬೇರೆ ಫೋಟೋದವರಿಗೆ ಬಾರದ್ದು — ಹೆಸರು. ಹೆಸರು ಹಿಡಿದು ಕೂಗಿದರೆ ಎಂಥವನ ಮುಖವೂ ತಾನಾಗಿ ತಿರುಗುತ್ತದೆ, ಮನಸ್ಸು ತಿರುಗುವ ಮೊದಲೇ ಕುತ್ತಿಗೆ ತಿರುಗಿರುತ್ತದೆ, ಸುತ್ತ ಹತ್ತು ಹಳ್ಳಿಯ ಮುನ್ನೂರು ಹೆಸರು ಅವನ ನಾಲಿಗೆಯ ಮೇಲಿದ್ದವು, ಕೂಗು, ಒತ್ತು, ಕೂಗು, ಒತ್ತು, ಎಲ್ಲರೂ ಕೇಶವಣ್ಣನ ಫೋಟೋದಲ್ಲಿ ಮಾತ್ರ ನಮ್ ಮುಖ ಬತ್ತದೆ ಅನ್ನುತ್ತಿದ್ದರು, ಅದನ್ನು ಕೇಳಿ ಅವನು ಉಬ್ಬುತ್ತಿದ್ದ, ಸುಳ್ಳು ಯಾಕೆ.

ಈ ವರ್ಷ ಮೂಗಿನ ತುದಿ ತಣ್ಣಗಾದಾಗ ಅವನು ಬೀರು ತೆಗೆಯಲಿಲ್ಲ. ಹೆಂಡತಿ ಶಶಿಕಲಾ ಎರಡು ಸಲ ನೋಡಿದಳು, ಮೂರನೇ ಸಲ ಕೇಳಿಯೇ ಬಿಟ್ಟಳು, ಏನ್ರೀ, ಕಾರ್ತೀಕದಲ್ಲೇ ಕುಣೀತಿದ್ದೋರು, ಈ ಸಲ ಯಾಕಿಂಗೆ ಮಂಕು ಹಿಡ್ದೋರಂಗೆ ಕೂತಿದೀರಿ, ಏನಿಲ್ಲ ಕಣೇ ಬೆನ್ನು ನೋವು, ಬೆನ್ನು ನೋವಿಗೆ ನಿದ್ದೇಲಿ ಹೆಸ್ರು ಕೂಗ್ತಾರಾ. ಯಾರ ಹೆಸರು ಅಂತ ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ, ಪುಣ್ಯಾತ್ಗಿತ್ತಿ. ನಾಚಿಕೆಗೇಡು ಅಂದರೆ ಬೀರು ಮುಚ್ಚಿಟ್ಟರೂ ಕಾಯುವುದು ನಿಂತಿರಲಿಲ್ಲ, ಒಳಗೆ ಯಾವುದೋ ಒಂದು ಮೂಲೆ ಈ ವರ್ಷವೂ ಮಂಜಿಗೆ ಕಾದಿತ್ತು, ಬೆಳಗ್ಗೆ ಎದ್ದು ಬಾಗಿಲು ತೆಗೆದು ಬಿಳಿ ಕಂಡ ದಿನ ಎದೆ ಹಗುರವಾಗುತ್ತಿತ್ತು, ಮರುಕ್ಷಣ ಬಾಗಿಲು ಮುಚ್ಚಿಬಿಡುತ್ತಿದ್ದ.

ಬಚ್ಚಪ್ಪ ಇಪ್ಪತ್ತಾರರ ಹುಡುಗ, ತಾತನ ಹೆಸರು ಇಟ್ಟುಕೊಂಡು ಫ್ಯಾಕ್ಟರಿಯಲ್ಲಿ ಎಲ್ಲರಿಂದ ತಮಾಷೆ ಮಾಡಿಸಿಕೊಳ್ಳುತ್ತಿದ್ದವನು, ಎತ್ತಿನ ಹಬ್ಬಕ್ಕೆಂದು ಶಿಫ್ಟು ಬದಲಾಯಿಸಿಕೊಂಡು ಬರುತ್ತಿದ್ದ, ಸ್ಟುಡಿಯೋಗೆ ಬಂದು ಕುರ್ಚಿಯಲ್ಲಿ ಉಲ್ಟಾ ಕೂತು ಆಲ್ಬಮ್ ತಿರುವುವನು, ಏನಣ್ಣಾ, ಐದ್ ವರ್ಸದಿಂದ ನನ್ ಬೆನ್ನೇ ತೆಗ್ದಿದೀಯಲ್ಲ, ಬೆನ್ನು ನೋಡಿ ಯಾವಳು ಒಪ್ಕಂತಾಳೆ ನನ್ನ, ನೀನು ನಿಂತ್ರೆ ತಾನೆ ಲಾ ಮುಖ ಬರಾದು, ನಿಂತ್ರೆ ಎತ್ತು ಬಿಟ್ಟಾದಾ ಅಣ್ಣಾ, ನೀನು ಕೂಗು, ನಾನು ತಿರುಗ್ತೀನಿ, ಆಣೆಗೂ ತಿರುಗ್ತೀನಿ. ಆಯ್ತು ಕಣ್ಲಾ, ಈ ಸಲ ಕೂಗ್ತೀನಿ. ಕೂಗಿದ. ಅಷ್ಟೇ ಅಲ್ಲವೇ ಆಗಿದ್ದು, ಮಾತು ಕೊಟ್ಟಿದ್ದ, ನಡೆಸಿಕೊಟ್ಟ. ಮೊದಲ ಎತ್ತು ದಾಟಿ ಹೋಯಿತು, ಬಚ್ಚಪ್ಪ ಅದರ ಹಲಗೆಗೆ ಕೈ ತಾಗಿಸಿ ತಪ್ಪಿಸಿಕೊಂಡು ಓಣಿಯ ನಡುವೆ ಏದುಸಿರು ಬಿಡುತ್ತ ನಿಂತಿದ್ದ, ಸೀಟಿ ಊದಿದ ಮೇಲೇ ಎರಡನೆಯದನ್ನು ಬಿಡಬೇಕು, ಅದು ಕಟ್ಟಳೆ, ಮುನಿಯಲ್ಲಪ್ಪನ ಎತ್ತು ಹಗ್ಗ ಕಿತ್ತುಕೊಂಡಿತೋ, ಅವನೇ ಆತುರಪಟ್ಟು ಬಿಟ್ಟನೋ, ಸೀಟಿಗೆ ಮುಂಚೆ ಬಂದುಬಿಟ್ಟಿತು. ತಪ್ಪು ಮುನಿಯಲ್ಲಪ್ಪನದು, ಊರೇ ಹಾಗಂದಿತು, ಪಂಚಾಯ್ತಿ ಸೇರಿ ಅಂದಿತು, ಅವನೂ ತಲೆ ಬಗ್ಗಿಸಿ ಒಪ್ಪಿಕೊಂಡ, ಎತ್ತು ಮಾರಿದ, ಮಾತು ಬಿಟ್ಟ. ಉದ್ದದ ಲೆನ್ಸಿನಲ್ಲಿ ಕಾಣುವುದು ಅಂಗೈಯಗಲದ ಜಾಗ, ಮುಖ ಮಾತ್ರ, ಹಿಂದೆ ಏನು ಬರುತ್ತಿದೆ ಯಾರಿಗೆ ಕಾಣುತ್ತದೆ, ಅದೂ ಅಲ್ಲದೆ ಗುಂಡಿ ಒತ್ತಿದ ಕ್ಷಣ ಕ್ಯಾಮೆರಾದೊಳಗೆ ಕತ್ತಲಾಗುತ್ತದೆ, ತೆಗೆದವನಿಗೆ ತಾನು ತೆಗೆದದ್ದು ಕಾಣುವುದೇ ಇಲ್ಲ, ಹೌದೋ ಅಲ್ಲವೋ, ಯಾವ ಫೋಟೋದವನನ್ನು ಬೇಕಾದರೂ ಕೇಳಿ. ಯಾರೂ ಕೇಳಿರಲಿಲ್ಲ. ತಮಟೆ, ಸೀಟಿ, ಕೇಕೆ, ಆ ಗದ್ದಲದಲ್ಲಿ ಅವನು ಕೂಗಿದ್ದು ಒಬ್ಬನಿಗೆ ಮಾತ್ರ ಕೇಳಿಸಿತ್ತು.

ನೆಗೆಟಿವ್ ಬಂದ ದಿನ ಸ್ಟುಡಿಯೋ ಬಾಗಿಲು ಹಾಕಿಕೊಂಡು ನೋಡಿದ, ಒತ್ತಿದ ಬೆರಳು ತಾನಾಗಿ ಇನ್ನೂ ಮೂರು ಸಲ ಒತ್ತಿತ್ತು, ಆ ಮೂರನ್ನು ಕತ್ತರಿಸಿ ನೀರೊಲೆಗೆ ಹಾಕಿದ, ಪ್ಲಾಸ್ಟಿಕ್ ಸುಟ್ಟ ವಾಸನೆ ಎಂದು ಶಶಿಕಲಾ ಬೈದಳು, ಮೊದಲನೆಯದನ್ನು ಸುಡಲಾಗಲಿಲ್ಲ. ಯಾಕೆ ಆಗಲಿಲ್ಲ ಅಂದರೆ — ಬಾಯಿಬಿಟ್ಟು ಹೇಳು, ಇಲ್ಲಿ ಯಾರಿದ್ದಾರೆ, ಮಂಜು ಬಿಟ್ಟರೆ ನೀನೇ — ಅದು ಅವನ ಇಪ್ಪತ್ತೆರಡು ವರ್ಷದಲ್ಲಿ ಬಂದ ಎಲ್ಲಕ್ಕಿಂತ ಒಳ್ಳೆಯ ಚಿತ್ರವಾಗಿತ್ತು. ಭುಜದ ಹಿಂದೆ ಹಾರಿಬಂದ ಎತ್ತಿನ ಮಸುಕು ಕೊಂಬು, ಹೊಂಬಣ್ಣದ ಧೂಳು, ಅದರ ನಡುವೆ ತಿರುಗಿದ ಮುಖ, ಹಲ್ಲು ಕಾಣುವಂತೆ ನಗು. ಮುಚ್ಚಿಟ್ಟ. ಅಕ್ಕಯಮ್ಮ ಮೊದಲ ಸಲ ಬಂದಾಗ, ಮುಖದ್ದು ಯಾವ್ದೂ ಇಲ್ಲಮ್ಮ ಎಂದ. ಗೌರಿ ಹಬ್ಬಕ್ಕೆ ಮತ್ತೆ ಬಂದಳು, ಎಲ್ಲಾ ಹುಡುಕಪ್ಪಾ, ಫ್ಯಾಕ್ಟರಿ ಕಾರ್ಡಿಂದು ದೊಡ್ದು ಮಾಡ್ಸಿದ್ರೆ ಕಳ್ಳನ್ ತರ ಕಾಣ್ತಾನೆ, ನಗ್ತಿರೋದು ಒಂದಾದ್ರೂ ಇರ್ತದೆ, ನನ್ ಮಗ ಯಾವಾಗ್ಲೂ ನಗ್ತಾ ಇದ್ದೋನು. ಇಲ್ಲಮ್ಮ. ಕಳೆದ ತಿಂಗಳು ಮೂರನೇ ಸಲ ಬಂದಳು, ಬೆಂಚಿನ ಮೇಲೆ ಕೂತು ನೀರು ಕುಡಿದು ಗೋಡೆಯ ಮೇಲಿದ್ದ ಊರವರ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದಳು, ಎದ್ದಳು, ಅವಳು ಮೆಟ್ಟಿಲು ಇಳಿಯುತ್ತಿದ್ದಾಗ ಅವನ ಬಾಯಿಂದ ತಾನಾಗಿ ಬಂದುಬಿಟ್ಟಿತು, ಒಂದೈತೆ ಅಮ್ಮ, ಸಿಕ್ತು.

ಮುಖವೊಂದನ್ನೇ ಉಳಿಸಿ ಕತ್ತರಿಸಿದರಾಯಿತು, ಎತ್ತು ಇಲ್ಲ, ಧೂಳು ಇಲ್ಲ, ನಗುವ ಹುಡುಗ ಅಷ್ಟೇ, ಯಾವತ್ತು ತೆಗೆದದ್ದು ಅಂತ ಯಾರಿಗೆ ಗೊತ್ತಾಗಬೇಕು. ಆದರೆ ಎಷ್ಟು ಹತ್ತಿರಕ್ಕೆ ಗೆರೆ ಎಳೆದರೂ ಎಡಕಿವಿಯ ಪಕ್ಕ ಒಂದು ಕೆಂಪು ಉಳಿಯಿತು, ಮಸುಕು ಮಸುಕಾಗಿ ಕುಂಕುಮ ಚೆಲ್ಲಿದ ಹಾಗೆ, ಇನ್ನೂ ಒಳಗೆ ಕತ್ತರಿಸಿದರೆ ಕಿವಿಯೇ ಹೋಗುತ್ತದೆ, ಕಿವಿಯಿಲ್ಲದ ಮಗನನ್ನು ತಾಯಿಗೆ ಹೇಗೆ ಕೊಡುವುದು. ಕಲರ್ ಲ್ಯಾಬಿನವನು ತಮಿಳಿನಲ್ಲಿ ಕೇಳಿದ, ಸಾರ್, ಕಂಪ್ಯೂಟರಿನಲ್ಲಿ ಹಾಕಿ ಆ ಕೆಂಪು ಅಳಿಸಿಬಿಡಲೇ, ಎರಡು ನಿಮಿಷದ ಕೆಲಸ. ವೇಂಡಾಂ ಎಂದ ಚನ್ನಕೇಶವ. ಯಾಕೆ ಬೇಡ ಎಂದೆ, ಮತ್ತೆ ಹೊರಟ ಮೊಪೆಡ್ಡು ಗುಂಡಿಗೆ ಬಿದ್ದು ಫ್ರೇಮು ಮೊಣಕಾಲಿಗೆ ಕುಟ್ಟಿತು, ಯಾಕೆ ಬೇಡ ಎಂದೆಯೋ ಮಾರಾಯ, ಎಲ್ಲ ಅಳಿಸಿದ ಮೇಲೆ ಅದೊಂದು ಯಾಕೆ ಉಳಿಯಬೇಕಿತ್ತು.

ಮನೆಯ ಮುಂದೆ ಚಪ್ಪರ, ಹತ್ತಾರು ಜನ, ಒಳಗಿನಿಂದ ವಡೆ ಕರಿಯುವ ವಾಸನೆ, ಜಗಲಿಯ ತುದಿಯಲ್ಲಿ ಮುನಿಯಲ್ಲಪ್ಪ ಕೂತಿದ್ದ, ಮೂಟೆ ಅಕ್ಕಿ ತಂದಿದ್ದನಂತೆ, ಅಕ್ಕಿ ಒಳಗೆ ಹೋಗಿತ್ತು, ಅವನನ್ನು ಯಾರೂ ಒಳಗೆ ಕರೆದಿರಲಿಲ್ಲ, ಒಂದು ವರ್ಷದಲ್ಲಿ ಅವನ ಕತ್ತು ಹಕ್ಕಿಯ ಕತ್ತಿನ ಹಾಗೆ ಸಣ್ಣಗಾಗಿತ್ತು. ಬಂದ್ರಾ ಸಾರ್, ಎಂದ. ಬಂದೆ ಮುನಿಯಲ್ಲಪ್ಪಾ. ಅವನ ಪಕ್ಕ ಒಂದು ಗಳಿಗೆ ಕೂರಬೇಕು, ಕೂತು ಹೇಳಬೇಕು, ಎತ್ತು ನಿಂದು ನಿಜ ಕಣಪ್ಪಾ, ಆದ್ರೆ ಬಚ್ಚಪ್ಪ ಪಕ್ಕಕ್ಕೆ ಹಾರೋನು, ಹಾರೋಕೆ ಕಾಲೆತ್ತಿದ್ದ, ನಾನು — ಕೂರದೆ ಚಪ್ಪಲಿ ಬಿಟ್ಟು ಒಳಗೆ ಹೋದ. ಅಕ್ಕಯಮ್ಮ ಕೈ ಒರೆಸಿಕೊಂಡು ಬಂದು ಪಂಚೆ ಬಿಚ್ಚಿದಳು. ಬಾಗಿಲ ಬೆಳಕಿಗೆ ಹಿಡಿದಳು. ಗಾಜಿನ ಮೇಲೆ ಕೆನ್ನೆಯ ಜಾಗದಲ್ಲಿ ಹೆಬ್ಬೆರಳು ಆಡಿಸಿದಳು, ಅಯ್ಯೋ ನನ್ನಪ್ಪನೇ, ನಗ್ತಾವ್ನೆ ನೋಡ್ರೇ, ಯಾರೋ ಕರ್ದಂಗೆ ತಿರುಗಿ ನೋಡ್ತಾವ್ನೆ, ಯಾರು ಕೇಶವಪ್ಪಾ, ಯಾರು ಕರ್ದಿದ್ದು ಇವನ್ನ.

ನಾನೇ ಅಮ್ಮ, ಎಂದುಬಿಟ್ಟ ಚನ್ನಕೇಶವ, ನಾನೇ ಕರ್ದಿದ್ದು, ಇನ್ನೂ ಹೇಳಲು ಉಸಿರು ತೆಗೆದುಕೊಂಡ, ಅಷ್ಟರಲ್ಲಿ ಅವಳು ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು, ವಡೆಯ ಹಿಟ್ಟು, ಎಣ್ಣೆ, ಬಿಸಿ, ಅವತ್ತು ಬೆಳಿಗ್ಗೆ ಬಾಗ್ಲಲ್ಲಿ ನಿಂತು ನಾನೂ ಕರ್ದೆ ಕಣಪ್ಪಾ, ತಿಂದ್ಕಂಡ್ ಹೋಗೋ ಅಂತ, ತಿರುಗ್ಲಿಲ್ಲ, ಬತ್ತೀನಮ್ಮೋ ಅಂತ ಹೋಗ್ಬುಟ್ಟ, ನೀನು ಕರ್ದ್ರೆ ತಿರುಗವ್ನೆ, ನಿನ್ ಹೊಟ್ಟೆ ತಣ್ಣಗಿರ್ಲಿ, ನನ್ ಮಗನ ಮುಖ ಉಳ್ಸಿಕೊಟ್ಟೆ. ಬೇಡಮ್ಮ ಹಾಗನ್ನಬೇಡ, ಎನ್ನುವಷ್ಟರಲ್ಲಿ ಅವಳು ಆಗಲೇ ಫೋಟೋ ನೆರೆಹೊರೆಯವರಿಗೆ ತೋರಿಸುತ್ತಿದ್ದಳು, ಇದೇನಿದು ಕಿವಿ ತಾವ ಕೆಂಪ್ಗೆ, ಹೂವಾ, ಎಂದಳು ಒಬ್ಬಳು, ಹೂವೇ ಇರ್ಬೇಕು, ದಾಸವಾಳ ಇದ್ದಂಗೈತೆ. ಬಾಗಿಲಲ್ಲಿ ನೆರಳಾಯಿತು. ಮುನಿಯಲ್ಲಪ್ಪ ಎದ್ದು ಬಂದು ಹೊಸ್ತಿಲ ಹೊರಗೇ ನಿಂತು ಕತ್ತು ಚಾಚಿ ನೋಡುತ್ತಿದ್ದ, ನೋಡಿದ, ಇನ್ನೊಮ್ಮೆ ನೋಡಿದ, ಮೆಲ್ಲಗೆ ಅಂದ, ಹೂವಲ್ಲ ಅಕ್ಕಾ, ಅದು ನಮ್ ಎತ್ತಿನ್ ಹಲಗೆ, ಆ ಕೆಂಪು ಕಾಗ್ದ ನನ್ ಕೈಯಾರೆ ಅಂಟ್ಸಿದ್ದು, ಮೊದ್ಲನೇ ಎತ್ತಿಗೆ ಕಟ್ಟಿದ್ದು ಹಸಿರು.

ಅಕ್ಕಯಮ್ಮ ಫೋಟೋವನ್ನು ಎದೆಯಿಂದ ಸ್ವಲ್ಪ ದೂರ ಹಿಡಿದಳು, ಕೆಂಪನ್ನು ನೋಡಿದಳು, ಮಗನ ನಗುವನ್ನು ನೋಡಿದಳು, ಆಮೇಲೆ ಚನ್ನಕೇಶವನ ಕಡೆ ತಿರುಗಿದಳು, ಕೇಶವಪ್ಪಾ, ನೀನು ಯಾವಾಗ ಕರ್ದೆ, ಯಾವಾಗ — ಮತ್ತೆ ಅವನ ಕಣ್ಣಿಗೆ ಲೆನ್ಸಿನೊಳಗಿನ ಅಂಗೈಯಗಲದ ಜಾಗ, ಬೆನ್ನು, ಕತ್ತು, ಕಿವಿ, ಹಿಂದೆ ಖಾಲಿ ಧೂಳು, ಆ ಧೂಳಿನಲ್ಲಿ ಒಂದು ಕೆಂಪು ಚುಕ್ಕೆ, ಕಂಡಿತ್ತು, ಕಂಡಿತ್ತಮ್ಮ, ಕತ್ತಲಾಗುವುದಕ್ಕೆ ಮುಂಚೆ ಕಂಡಿತ್ತು, ಚುಕ್ಕೆ ದೊಡ್ಡದಾಗುತ್ತಿತ್ತು, ಕಿವಿಯ ಪಕ್ಕ ಬಂದರೆ ಚಿತ್ರದಲ್ಲಿ ಚೆನ್ನಾಗಿ ಕೂರುತ್ತದೆ ಎಂದುಕೊಂಡಿದ್ದೆ, ಬರಲಿ ಎಂದು ಕಾದೆ, ಅರ್ಧ ಕ್ಷಣ, ಬಂತು, ಲೇ ಬಚ್ಚಾ ಇಲ್ ನೋಡ್ಲಾ — ಕಿವಿ, ಕೆಂಪು, ತಿರುಗುತ್ತಿರುವ ಮುಖ, ಕಿವಿ, ಕೆಂಪು, ತಿರುಗುತ್ತಿರುವ —