ನಮ್ಮೂರಿಗೆ ಬಂದ ಅವಾರ್ಡು

ರಾಮನಗರ ಹೊಸ ಜಿಲ್ಲೆಯಾದ ವರ್ಷ ನಮ್ಮ ಮಾವನಿಗೆ ಅವಾರ್ಡು ಬಂತು. ಅದನ್ನು ಊರಿಗೆಲ್ಲ ಸಾರಿದವನು ಚನ್ನಪಟ್ಟಣದ ತಾಜ್ ಪಾಷಾ. ಆಟೋ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು ಸಿನಿಮಾ, ಸೀರೆ ಸೇಲು, ಪೋಲಿಯೋ ಹನಿ ಎಲ್ಲವನ್ನೂ ಒಂದೇ ರಾಗದಲ್ಲಿ ಕೂಗುವ ಮನುಷ್ಯ. ಹೊಂಗನೂರಿನ ಬಸ್ಸು ಹೋದಮೇಲೆ ನಮ್ಮೂರ ಅರಳಿಕಟ್ಟೆ ಹತ್ತಿರ ಆಟೋ ನಿಲ್ಲಿಸಿ, ಸರ್ಕಾರಿ ಆಫೀಸಿನವರು ಬರೆದುಕೊಟ್ಟಿದ್ದನ್ನು ಒಂದೇ ಉಸಿರಿಗೆ ಓದಿದ.

“ಇಂಟಿಗ್ರೇಟೆಡ್ ಇಂಡಸ್ಟ್ರಿಯಲ್ ಏರಿಯಾ ಫಸ್ಟ್ ಫೇಸ್ ಲ್ಯಾಂಡ್ ಅಕ್ವಿಸಿಷನ್ ಕನ್ಸೆಂಟ್ ಅವಾರ್ಡ್ ಮೀಟಿಂಗ್! ಗುರುವಾರ ಬೆಳಿಗ್ಗೆ, ಸ್ಕೂಲ್ ಫೀಲ್ಡಿನಲ್ಲಿ! ತಪ್ಪದೇ ಬನ್ನಿ!”

ಆಮೇಲೆ ಮೀಟಿಂಗಿಗೆ ಬರಬೇಕಾದವರ ಹೆಸರು ಓದಿದ. ಅದರಲ್ಲಿ ಬೋರಲಿಂಗಯ್ಯ ಅಂತ ನಮ್ಮ ಮಾವನ ಹೆಸರೂ ಇತ್ತು.

ಗೂಡ್ಸ್ ರೈಲಿನ ಹಾಗೆ ಒಂದರ ಹಿಂದೆ ಒಂದು ಡಬ್ಬಿ ಕಟ್ಟಿದ ಆ ಇಂಗ್ಲಿಷಿನಲ್ಲಿ ನಮ್ಮೂರಿಗೆ ಕೇಳಿಸಿದ್ದು ಎರಡೇ ಮಾತು. ಒಂದು ಫಸ್ಟು, ಇನ್ನೊಂದು ಅವಾರ್ಡು. ಅಷ್ಟು ಸಾಕಾಯಿತು. ನಡುವೆ ಇದ್ದ ಡಬ್ಬಿಗಳಲ್ಲಿ ನಮ್ಮ ಹಿಪ್ಪುನೇರಳೆ ತೋಟವನ್ನೇ ತುಂಬಿಕೊಂಡು ಹೊರಟಿದ್ದಾರೆ ಅಂತ ಯಾರಿಗೂ ಹೊಳೆಯಲಿಲ್ಲ. ಪಿಯುಸಿವರೆಗೆ ಓದಿದ ನನಗೂ ಹೊಳೆಯಲಿಲ್ಲ.

ಮಾವನ ಸಂಭ್ರಮ ನೋಡಬೇಕಿತ್ತು! ಅವರು ಬೆಳೆದ ರೇಷ್ಮೆ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದರೆ ನೂಲು ತೆಗೆಯುವ ರೀಲರುಗಳು ಕೈಯಲ್ಲಿ ಹಿಡಿದು, ಕಿವಿ ಹತ್ತಿರ ಅಲ್ಲಾಡಿಸಿ, “ಬೋರಣ್ಣನ ಮಾಲು” ಅಂತ ಗುರುತು ಹಿಡಿಯುತ್ತಿದ್ದರು. ಆದರೂ ತಾಲ್ಲೂಕಿನ ಉತ್ತಮ ರೇಷ್ಮೆ ಬೆಳೆಗಾರ ಅಂತ ಶಾಲು ಹೊದಿಸುವಾಗ ಪ್ರತಿ ಸಲವೂ ಯಾವನೋ ಪುಢಾರಿಯ ಭಾವಮೈದ ಮುಂದೆ ಬಂದು ನಿಂತಿರುತ್ತಿದ್ದ. ಮಾವ ಒಂದು ದಿನವೂ ಅದರ ಮಾತೆತ್ತಿದವರಲ್ಲ. ಎತ್ತದೆ ಇದ್ದರೂ ಆ ಸಂಕಟ ಮನೆಯವರಿಗೆಲ್ಲ ಗೊತ್ತಿತ್ತು.

“ಕನ್ಸೆಂಟು ಅಂದ್ರೆ ಏನವ್ವ ಸೌಮ್ಯ?” ಅಂತ ನನ್ನನ್ನೇ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮಾಯಮ್ಮ ನುಗ್ಗಿದರು. “ಕಾನ್ವೆಂಟು ಇರ್ಬೇಕು ಕಣಮ್ಮಿ. ಕಾನ್ವೆಂಟ್‌ನೋರು ಕೊಡೋ ಅವಾರ್ಡು.”

“ಸೆಂಟು ಅನ್ನಲಿಲ್ವಾ? ಸೆಂಟಿನ ಬಾಟ್ಲೂ ಕೊಡ್ತಾರೇನೋ,” ಅಂದರು ಪಕ್ಕದ ಮನೆ ಕಾವೇರಮ್ಮ. ಅವರ ಹೆಸರನ್ನೂ ಪಾಷಾ ಓದಿದ್ದ.

ನಾವು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆವು. ಅಷ್ಟರಲ್ಲಿ ಕೆಂಚಯ್ಯ ಬಂದ. ಜಮೀನು ಕೊಡಿಸುವುದು, ಬಿಡಿಸುವುದು ಅವನ ಕಸುಬು. ಜೇಬಿನಲ್ಲಿ ಎರಡು ಮೊಬೈಲು, ಬಾಯಲ್ಲಿ ಅರ್ಧ ಇಂಗ್ಲಿಷು. ಹಿಂದೆ ನೋಟೀಸು ಬಂದಿದ್ದಾಗಲೂ ಇವನೇ ಮನೆಮನೆಗೆ ಹೋಗಿ, “ಇದು ಪ್ರಿಲಿಮಿನರಿ ನೋಟಿಫಿಕೇಷನ್ನು ಕಣ್ರಯ್ಯ. ಪರೀಕ್ಷೆಗೆ ಮುಂಚೆ ಪ್ರಿಪರೇಟರಿ ಮಾಡ್ತಾರಲ್ಲ, ಹಂಗೆ. ಲೆಕ್ಕಕ್ಕಿಲ್ಲ,” ಅಂತ ಸಮಾಧಾನ ಹೇಳಿದ್ದ. ಫ್ಯಾಕ್ಟರಿ ಬರುವುದು ಗುಡ್ಡದ ಕಡೆಯ ಗೋಮಾಳಕ್ಕೆ ಅಂತಲೂ ಹೇಳಿದ್ದ. ನಾವೂ ನಂಬಿದ್ದೆವು. ಬಿಡದಿ ಕಡೆ ಆದ ಹಾಗೆ ನಮ್ಮಲ್ಲೂ ಮಕ್ಕಳಿಗೆ ಕೆಲಸ ಸಿಗುತ್ತದೆ ಅಂತ ಖುಷಿಯಾಗಿಯೇ ಇದ್ದೆವು.

“ಗೌರ್ಮೆಂಟ್ ಅವಾರ್ಡು ಕಣಣ್ಣ, ಚೆಕ್ಕೂ ಕೊಡ್ತಾರೆ,” ಅಂದ ಕೆಂಚಯ್ಯ. “ಆಫೀಸರು ಕೂಗಿ ಕೇಳ್ತಾರೆ. ನೀವು ಬೆಬ್ಬೆಬ್ಬೆ ಅನ್ಬ್ಯಾಡಿ. ನಾನ್ ಕನ್ಸೆಂಟ್ ಸಾರ್, ಅಂತ ಗಟ್ಟಿಯಾಗಿ ಹೇಳ್ಬುಡಿ. ಅಷ್ಟೇಯ.”

“ಅಂಗಂದ್ರೇನ್ಲಾ?” ಅಂದರು ಮಾವ.

“ನಾನ್ ರೆಡಿ ಇವ್ನಿ ಅಂತ ಅರ್ಥ. ನಾನ್, ಅಂದ್ರೆ ನಾನು. ಕನ್ಸೆಂಟ್, ಅಂದ್ರೆ ರೆಡಿ.”

ಊರಿಗೆ ಊರೇ ಅದನ್ನು ಬಾಯಿಪಾಠ ಮಾಡಿತು. ಹುಳಕ್ಕೆ ಸೊಪ್ಪು ಹಾಕುವಾಗ ನಾನ್ ಕನ್ಸೆಂಟ್. ಹಾಲು ಕರೆಯುವಾಗ ನಾನ್ ಕನ್ಸೆಂಟ್. ಊಟಕ್ಕೆ ಬರುತ್ತೀರಾ ಅಂದರೆ ನನ್ನ ಗಂಡ ಸ್ವಾಮಿ ಕೂಡ “ನಾನ್ ಕನ್ಸೆಂಟ್” ಅಂದು ಮಣೆ ಎಳೆದುಕೊಂಡು ಕೂರುತ್ತಿದ್ದ. ಮಾವ ಚನ್ನಪಟ್ಟಣದ ಫೋಟೋ ಸ್ಟುಡಿಯೋದಿಂದ ಮೈಸೂರು ಪೇಟ ಬಾಡಿಗೆಗೆ ತಂದರು. ಅತ್ತೆ ಟ್ರಂಕಿನ ತಳದಿಂದ ಮದುವೆಯ ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹಾಕಿದರು. ಅವಾರ್ಡನ್ನು ಗಡಿಯಾರದ ಪಕ್ಕ ನೇತುಹಾಕಬೇಕೋ, ದೇವರ ಮನೆ ಬಾಗಿಲ ಮೇಲೋ ಅಂತ ನನಗೂ ಅತ್ತೆಗೂ ಜಗಳವೇ ಆಗಿ, ಒಂದು ಹೊತ್ತು ಮಾತು ಬಿಟ್ಟೆವು. ಹುಳಗಳು ಆಗಷ್ಟೇ ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಬಕಾಸುರನಂತೆ ಮೇಯುವ ಸಮಯ. ಗುರುವಾರ ಬೆಳಕು ಹರಿಯುವ ಮೊದಲೇ ತೋಟಕ್ಕೆ ಹೋಗಿ ಸೊಪ್ಪು ಕೊಯ್ದು, ತಟ್ಟೆಗಳಿಗೆಲ್ಲ ಹಾಕಿ, ಮಾವ ಪೇಟ ಇಟ್ಟುಕೊಂಡ ಮೇಲೆ ಹೊರಟೆವು.

ಸ್ಕೂಲ್ ಫೀಲ್ಡಿನಲ್ಲಿ ಶಾಮಿಯಾನ ಹಾಕಿದ್ದರು. ಮೈಕ್ ಸೆಟ್ಟು ತಾಜ್ ಪಾಷಾನದೇ. ನಮ್ಮೂರ ಹುಡುಗರು ತಮಟೆ ಬೇರೆ ತಂದಿದ್ದರು. ಜೀಪಿನಿಂದ ಇಳಿದ ಆಫೀಸರು ಹಾರ, ತಮಟೆ, ಸಾಲು ಸಾಲು ರೇಷ್ಮೆ ಸೀರೆ ನೋಡಿ ಮೊದಲು ಗಾಬರಿಯಾದರು, ಆಮೇಲೆ ಮುಖ ಅರಳಿಸಿದರು. ಜಮೀನು ಬಿಡಿಸಲು ಹೋದ ಕಡೆಯೆಲ್ಲ ಬೈಸಿಕೊಂಡು ಬಂದ ಮನುಷ್ಯನಿಗೆ ಹಾರ ಹಾಕಿದರೆ ಇನ್ನೇನಾಗುತ್ತದೆ! ಪಾಪ, ಕೆಟ್ಟವರೇನಲ್ಲ.

ಅಕ್ಷರದ ಸಾಲಿನಲ್ಲಿ ಹೆಸರು ಕೂಗಿದರು. ಅ, ಆ ಹೆಸರಿನವರು ಯಾರೂ ಇರಲಿಲ್ಲವಾದ್ದರಿಂದ ಕ ಅಕ್ಷರದ ಕಾವೇರಮ್ಮ ಮೊದಲು ಹತ್ತಿದರು. ತಮಟೆ ಬಡಿಯಿತು.

“ಕನ್ಸೆಂಟಾ, ನಾನ್ ಕನ್ಸೆಂಟಾ?” ಅಂತ ಆಫೀಸರು ಮೈಕಿನಲ್ಲೇ ಕೇಳಿದರು.

“ನಾನ್ ಕನ್ಸೆಂಟ್ ಸಾರ್!” ಕಾವೇರಮ್ಮ ಶಾಲೆಯ ಹೆಂಚು ಅದುರುವ ಹಾಗೆ ಕೂಗಿದರು. ನಾವೆಲ್ಲ ಚಪ್ಪಾಳೆ ಹೊಡೆದೆವು. ಗುಮಾಸ್ತ ಬರೆದುಕೊಂಡ. ಆಫೀಸರ ನಗು ಒಸಿ ಕುಗ್ಗಿತು.

ಎರಡನೆಯವರು ಹತ್ತಿದರು. “ನಾನ್ ಕನ್ಸೆಂಟ್ ಸಾರ್!” ಚಪ್ಪಾಳೆ, ತಮಟೆ. ಮೂರನೆಯವರು, ನಾಲ್ಕನೆಯವರು. ಪ್ರತಿಯೊಬ್ಬರೂ ಎದೆ ಸೆಟೆಸಿ, ನಗುನಗುತ್ತಾ, ಕೈಮುಗಿದು ನಾನ್ ಕನ್ಸೆಂಟ್ ಅಂದರು. ಆಫೀಸರ ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ಇಷ್ಟು ಸಂತೋಷವಾಗಿ ತಮ್ಮನ್ನು ತಿರಸ್ಕರಿಸಿದ ಊರನ್ನು ಅವರು ಜನ್ಮದಲ್ಲಿ ಕಂಡಿರಲಿಕ್ಕಿಲ್ಲ.

ಕೊನೆಗೆ ತಡೆಯಲಾರದೆ ಪಕ್ಕದಲ್ಲೇ ನಿಂತಿದ್ದ ಕೆಂಚಯ್ಯನ ಕಡೆ ತಿರುಗಿದರು. ಮೈಕು ಬಾಯಿ ಮುಂದೆಯೇ ಇತ್ತು. “ಏನ್ರೀ ಇದು? ಇಡೀ ಊರು ಒಪ್ಪಿದೆ ಅಂದ್ರಲ್ಲ ನೀವು!”

“ಒಪ್ಪವ್ರಲ್ಲ ಸಾರ್! ನಾನ್ ಕನ್ಸೆಂಟ್ ಅಂತ ಬಾಯ್ ಬಡ್ಕೊಂಡು ಹೇಳ್ತಾ ಅವ್ರಲ್ಲ!”

“ಅಯ್ಯೋ, ನಾನ್ ಅಂದ್ರೆ ಇಲ್ಲ ಅಂತ ಕಣ್ರೀ! ನಾನ್ ವೆಜ್ಜು ಗೊತ್ತಿಲ್ವಾ ನಿಮಗೆ? ಜಮೀನು ಕೊಡಲ್ಲ ಅಂತಿದ್ದಾರೆ ಇವರೆಲ್ಲ!”

ಎರಡೂ ಹಾರ್ನಿನಲ್ಲಿ ಆ ಮಾತು ಊರೆಲ್ಲ ಕೇಳಿಸಿತು. ತಮಟೆ ನಿಂತುಹೋಯಿತು.

“ಜಮೀನಾ? ಯಾವ ಜಮೀನು?” ಅಂದರು ಕಾವೇರಮ್ಮ.

ಆಗ ಆಫೀಸರು ಕೂತು, ಮೊದಲ ಸಲ ಕನ್ನಡದಲ್ಲಿ ಹೇಳಿದರು. ಕನ್ಸೆಂಟ್ ಅಂದರೆ ಒಪ್ಪಿಗೆ. ಅವಾರ್ಡ್ ಅಂದರೆ ಬಹುಮಾನವಲ್ಲ, ನಿಮ್ಮ ಭೂಮಿಗೆ ಇಷ್ಟು ಪರಿಹಾರ ಅಂತ ಸರ್ಕಾರದ ತೀರ್ಮಾನ. ಒಪ್ಪಿ ಸಹಿ ಹಾಕಿದರೆ ತೋಟ ಸರ್ಕಾರದ್ದಾಗುತ್ತದೆ, ಅಲ್ಲಿ ಫ್ಯಾಕ್ಟರಿ ಬರುತ್ತದೆ.

ನನ್ನ ಮೈಯೆಲ್ಲ ಉರಿಯಿತು. ಆ ಉದ್ದನೆ ಮಾತನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡೆ. ಅಷ್ಟು ಪದಗಳಿದ್ದವಲ್ಲ, ಅದರಲ್ಲಿ ಒಂದಾದರೂ ಕ್ರಿಯಾಪದ ಇದೆಯೇ? ಯಾರು ತೆಗೆದುಕೊಳ್ಳುತ್ತಾರೆ, ಯಾರು ಕಳೆದುಕೊಳ್ಳುತ್ತಾರೆ ಅಂತ ಎಲ್ಲೂ ಇಲ್ಲ. ಏರಿಯಾ ಇದೆ, ಫೇಸ್ ಇದೆ, ಅವಾರ್ಡ್ ಇದೆ. ನಾವು ಮಾತ್ರ ಇಲ್ಲ. ಕೆಂಚಯ್ಯನನ್ನು ಎರಡು ಬಾರಿಸೋಣ ಅಂತ ತಿರುಗಿದರೆ ಅವನು ಆಗಲೇ ಮೊಬೈಲು ಕಿವಿಗಿಟ್ಟುಕೊಂಡು ಗೇಟು ದಾಟಿದ್ದ.

“ಬೋರಲಿಂಗಯ್ಯ,” ಅಂತ ಗುಮಾಸ್ತ ಕೂಗಿದ.

ಮಾವ ಎದ್ದರು. ತಲೆಯ ಮೇಲೆ ಜರಿ ಪೇಟ. ಅವರನ್ನು ಆ ವೇಷದಲ್ಲಿ ನೋಡಲಾಗದೆ ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ಜನರ ನಡುವೆ ಬಾಗಿ, ಸರಿದು, ಮೆಟ್ಟಿಲು ಹತ್ತಿ ಮೈಕಿನ ಮುಂದೆ ನಿಂತರು. ಅವಾರ್ಡು ತೆಗೆದುಕೊಳ್ಳಲು ಹೇಗೆ ನಿಲ್ಲಬೇಕೆಂದು ಕನ್ನಡಿ ಮುಂದೆ ನೋಡಿಕೊಂಡಿದ್ದರೋ ಹಾಗೇ ನಿಂತರು.

“ನೀವು ಯೋಚನೆ ಮಾಡಿ ಹೇಳಿ ಯಜಮಾನರೇ,” ಅಂದರು ಆಫೀಸರು, ಮೆತ್ತಗೆ. “ಒಪ್ಪಿದ್ರೆ ದರ ಒಳ್ಳೇದು. ಚೆಕ್ಕು ಬೇಗ ಬರುತ್ತೆ.”

“ಒಪ್ದೆ ಇದ್ರೆ?”

“ಆಗ ಜನರಲ್ ಅವಾರ್ಡ್ ಆಗುತ್ತೆ.”

“ಅದ್ಕೂ ಅವಾರ್ಡಾ!”

ಯಾರೋ ನಕ್ಕರು. ಆಫೀಸರು ನಗಲಿಲ್ಲ. “ಅಂದ್ರೆ... ದರ ನಾವೇ ಕಟ್ತೀವಿ. ಬೇಕಿದ್ರೆ ನೀವು ಕೋರ್ಟಿಗೆ ಹೋಗ್ಬಹುದು. ಹೆಂಗಿದ್ರೂ ಜಮೀನು ಹೋಗುತ್ತೆ ಯಜಮಾನರೇ. ಸುಳ್ಳು ಯಾಕೆ ಹೇಳ್ಲಿ.”

ಹೆಂಗಿದ್ದರೂ ಹೋಗುವುದಾದರೆ ಒಳ್ಳೆ ದರಕ್ಕೇ ಕೊಡಲಿ ಅಂತ ನನ್ನ ಬುದ್ಧಿ ಹೇಳಿತು. ಹೇಳಬೇಡಿ ಮಾವ, ಒಪ್ಪಿಗೆ ಅನ್ನಬೇಡಿ ಅಂತ ಹೊಟ್ಟೆಯೊಳಗಿನಿಂದ ಇನ್ನೇನೋ ಕೂಗಿತು.

ಮಾವ ಮೇಜಿನ ಮೇಲಿದ್ದ ಕಾಗದದತ್ತ ಬಗ್ಗಿ ನೋಡಿದರು. “ಇದ್ರಲ್ಲಿ ಇಂಗ್ಲಿಷ್ ಬುಟ್ಟು ಕನ್ನಡ್ದಲ್ಲಿ ಬರೀಬೋದಾ ಸ್ವಾಮಿ?”

“ಬರೀಬಹುದು.”

“ಹಂಗಾದ್ರೆ ಬರ್ಕೊಳಿ.” ಅವರ ದನಿ ನಡುಗುತ್ತಿತ್ತು. ಹೆದರಿಕೆಯಿಂದಲ್ಲ. ಮಾರ್ಕೆಟ್ಟಿನಲ್ಲಿ ಒಳ್ಳೆ ಗೂಡಿಗೆ ಹರಾಜಿನ ಕೂಗು ಏರುವಾಗ ಅವರ ದನಿ ಹಾಗೇ ನಡುಗುತ್ತಿತ್ತು. “ತೋಟ ಹೋದ್ರೆ ಹೋಗ್ಲಿ. ಅದು ನನ್ ಕೈಲಿಲ್ಲ. ಬೋರಲಿಂಗಯ್ಯ ಕೊಟ್ಟ ಅಂತ ಮಾತ್ರ ಬರೀಬ್ಯಾಡಿ. ನೀವು ತಗಂಡ್ರಿ ಅಂತ ಬರೀರಿ.”

ಗುಮಾಸ್ತ ಪೆನ್ನು ಹಿಡಿದು ಆಫೀಸರ ಮುಖ ನೋಡಿದ. ಆಫೀಸರು ಬರಿ ಅಂತ ತಲೆ ಆಡಿಸಿದರು. ಅವನು ಬರೆಯತೊಡಗಿದ. ಅಷ್ಟರಲ್ಲಿ ಕಾವೇರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಮೆಟ್ಟಿಲ ಹತ್ತಿರ ಬಂದರು. “ನಂದೂ ಕನ್ನಡ್ದಲ್ಲೇ ಬರೀರಿ,” ಅಂದರು. ಅವರ ಹಿಂದೆ ಇಡೀ ಶಾಮಿಯಾನ ಎದ್ದು ಸಾಲು ನಿಂತಿತು.